ರೇಡಿಯೋ ಮಲಗಿದ ರಾತ್ರಿ ಬಂದ ಸಮುದ್ರ

ಫೋನಿಗೆ 'ರೆಡ್ ಅಲರ್ಟ್' ಮೆಸೇಜ್ ಬಂದ್ರೆ ಎಷ್ಟೋ ಸಲ ನಾವು ಓದದೇ ಸರಿಸಿಬಿಡ್ತೀವಿ. ಇವತ್ತಿನ ಕಥೆ, ಎಚ್ಚರಿಕೆ ಇದ್ದೂ ಜನರಿಗೆ ತಲುಪದೇ ಹೋದ ಒಂದು ಚಳಿಗಾಲದ ರಾತ್ರಿಯದು.

1953ರ ಜನವರಿ 31, ಶನಿವಾರ. ಸ್ಕಾಟ್ಲೆಂಡ್ ಕಡೆಯಿಂದ ಭಾರೀ ಬಿರುಗಾಳಿ ಎದ್ದಿತ್ತು. ಅಂದು ಮಧ್ಯಾಹ್ನವೇ 'ಪ್ರಿನ್ಸೆಸ್ ವಿಕ್ಟೋರಿಯಾ' ಎಂಬ ಪ್ರಯಾಣಿಕರ ಹಡಗು ಮುಳುಗಿ 130ಕ್ಕೂ ಹೆಚ್ಚು ಜನ ಸತ್ತರು. ಆದ್ರೆ ದೊಡ್ಡ ಅನಾಹುತ ಇನ್ನೂ ದಾರಿಯಲ್ಲಿತ್ತು.

ಉತ್ತರ ಸಮುದ್ರ ಒಂದು ಆಲಿಕೆ ಇದ್ದ ಹಾಗೆ. ದಕ್ಷಿಣಕ್ಕೆ ಹೋದಂತೆ ಕಿರಿದಾಗುತ್ತೆ, ಆಳವೂ ಕಡಿಮೆ. ವಾಯುವ್ಯದ ಗಾಳಿ ನೀರನ್ನೆಲ್ಲ ಆ ಮೂಲೆಗೆ ತಳ್ಳಿತು. ಹುಣ್ಣಿಮೆ ಆಗಷ್ಟೇ ಕಳೆದಿದ್ದರಿಂದ ಭರತವೂ ಜೋರಾಗಿತ್ತು. ಎರಡೂ ಒಟ್ಟಿಗೆ ಸೇರಿದವು.

ಇಂಗ್ಲೆಂಡಿನ ಪೂರ್ವ ಕರಾವಳಿಯ ಲಿಂಕನ್‌ಶೈರ್‌ಗೆ ಸಂಜೆಯೇ ನೀರು ನುಗ್ಗಿತು. ದಕ್ಷಿಣದ ಕ್ಯಾನ್ವಿ ದ್ವೀಪಕ್ಕೆ ಅದು ತಲುಪಿದ್ದು ಮಧ್ಯರಾತ್ರಿಯ ನಂತರ. ನಡುವೆ ಗಂಟೆಗಟ್ಟಲೆ ಸಮಯ ಇತ್ತು! ಆದರೆ ಮೇಲಿನ ಊರಿನ ಸುದ್ದಿಯನ್ನು ಕೆಳಗಿನ ಊರಿಗೆ ಮುಟ್ಟಿಸುವ ವ್ಯವಸ್ಥೆಯೇ ಇರಲಿಲ್ಲ. ಇಂಗ್ಲೆಂಡಿನಲ್ಲಿ 307 ಜನ ಸತ್ತರು.

ನೆದರ್ಲೆಂಡ್ಸ್‌ನಲ್ಲಿ ಹವಾಮಾನ ಸಂಸ್ಥೆ ಅಪಾಯದ ಸೂಚನೆ ಕೊಟ್ಟಿತ್ತು. ಆದ್ರೆ ಅಲ್ಲಿನ ರೇಡಿಯೋ ಮಧ್ಯರಾತ್ರಿಗೆ ಪ್ರಸಾರ ನಿಲ್ಲಿಸುತ್ತಿತ್ತು. ವಾರಾಂತ್ಯ ಬೇರೆ, ಕಚೇರಿಗಳು ಖಾಲಿ. ಝೀಲ್ಯಾಂಡ್ ಪ್ರಾಂತ್ಯದಲ್ಲಿ ಬೆಳಗಿನ ಜಾವ ಏರಿಗಳು ಒಡೆದಾಗ ಜನ ನಿದ್ದೆಯಲ್ಲಿದ್ದರು. ಏರಿಗಳು ಸಾಲದಷ್ಟು ತಗ್ಗಾಗಿವೆ ಅಂತ ಯೋಹಾನ್ ವಾನ್ ವೇನ್ ಎಂಬ ಎಂಜಿನಿಯರ್ ವರ್ಷಗಳ ಹಿಂದೆಯೇ ಹೇಳಿದ್ದರು. ಯುದ್ಧದಿಂದ ಚೇತರಿಸಿಕೊಳ್ಳುತ್ತಿದ್ದ ದೇಶ ಬೇರೆ ಕಡೆ ಹಣ ಹಾಕಿತ್ತು.

ಮನೆ ಮಾಡು ಹತ್ತಿ ಬದುಕಿಕೊಂಡವರಿಗೆ ಭಾನುವಾರ ಮಧ್ಯಾಹ್ನ ಇನ್ನೊಂದು ಭರತ ಕಾದಿತ್ತು. ರಾತ್ರಿಯ ನೀರಿಗೆ ಸಡಿಲಗೊಂಡಿದ್ದ ಗೋಡೆಗಳು ಆಗ ಕುಸಿದವು. ಟೆಲಿಫೋನ್ ತಂತಿ ಹರಿದ ಊರುಗಳಿಂದ ಹವ್ಯಾಸಿ ರೇಡಿಯೋದವರು ಸಹಾಯಕ್ಕಾಗಿ ಸಂದೇಶ ಕಳಿಸಿದರು. ನೆದರ್ಲೆಂಡ್ಸ್‌ನಲ್ಲಿ ಸತ್ತವರು 1,836 ಮಂದಿ.

ಒಂದು ಕಡೆ ಮಾತ್ರ ಅನಾಹುತ ತಪ್ಪಿತು. ಹಾಲಂಡ್ಸೆ ಐಸೆಲ್ ನದಿಯ ಏರಿ ಬಿರುಕು ಬಿಟ್ಟಾಗ, ಒಬ್ಬ ನಾವಿಕ ತನ್ನ ಸರಕು ದೋಣಿಯನ್ನೇ ಆ ಬಿರುಕಿಗೆ ಅಡ್ಡ ತಂದು ನಿಲ್ಲಿಸಿದ. ಏರಿಯ ಹಿಂದಿದ್ದ ತಗ್ಗು ಪ್ರದೇಶದ ಲಕ್ಷಾಂತರ ಜನ ಉಳಿದರು.

ಕೆಲವೇ ವಾರಗಳಲ್ಲಿ ಸರ್ಕಾರ ಡೆಲ್ಟಾ ಸಮಿತಿ ರಚಿಸಿತು. ಅದರ ಕಾರ್ಯದರ್ಶಿ ಯಾರು ಗೊತ್ತಾ? ಅದೇ ವಾನ್ ವೇನ್. ಯೋಜನೆಯ ಪ್ರಕಾರ ಪೂರ್ವ ಶೆಲ್ಟ್ ಕೊಲ್ಲಿಯನ್ನು ಪೂರ್ತಿ ಮುಚ್ಚಬೇಕಿತ್ತು. ಆದರೆ ಮೀನುಗಾರರು, ಪರಿಸರವಾದಿಗಳು ತಕರಾರು ತೆಗೆದರು: ಭರತ ನಿಂತರೆ ಸಿಂಪಿ, ಮೀನು ಎಲ್ಲವೂ ಹೋಗುತ್ತೆ ಅಂದರು. ಕೊನೆಗೆ ಬಿರುಗಾಳಿಯಲ್ಲಿ ಮಾತ್ರ ಮುಚ್ಚುವ 62 ಬಾಗಿಲುಗಳ ತಡೆ ಕಟ್ಟಿ 1986ರಲ್ಲಿ ಉದ್ಘಾಟಿಸಿದರು. ಲಂಡನ್ನಿನ ಥೇಮ್ಸ್ ತಡೆಯೂ ಅದೇ ರಾತ್ರಿಯ ಪಾಠ.

ಗೋಡೆ ಎತ್ತರಿಸೋದು ಅರ್ಧ ಕೆಲಸ. ನಡುರಾತ್ರಿ ಮಲಗಿದವರನ್ನು ಎಬ್ಬಿಸೋದು ಉಳಿದರ್ಧ. ಮುಂದಿನ ಸಲ ಅಲರ್ಟ್ ಬಂದಾಗ ಓದಿ, ಪಕ್ಕದ ಮನೆಯವರಿಗೂ ಹೇಳಿ. ಮತ್ತೆ ಸಿಗೋಣ.