ಕ್ಲಚ್ ಹಿಡಿಯದ ಕೈ

ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ಮಾಡಲು ಶುರುಮಾಡಿ, 1996ರಲ್ಲಿ ಬಾಗಿಲು ಹಾಕಿತು. ಜಾವಾ, ಆಮೇಲಿನ ಯೆಜ್ಡಿ ಎರಡಕ್ಕೂ ಕಿಕ್ಕರು, ಗೇರು ಒಂದೇ ಲಿವರು. ಒದ್ದು ಸ್ಟಾರ್ಟ್ ಮಾಡಿ ಮುಂದಕ್ಕೆ ತಿರುಗಿಸಿದರೆ ಅದೇ ಗೇರು! ಇನ್ನೂ ಸೊಗಸೆಂದರೆ, ಗೇರು ಒತ್ತಿದೊಡನೆ ಕ್ಲಚ್ ತಾನಾಗಿಯೇ ಬಿಡುತ್ತಿತ್ತು, ಕೈಗೆ ಕೆಲಸವಿಲ್ಲ. ಪಾದ ಮಾತ್ರ ಮೆಲ್ಲಗೆ ಎತ್ತಬೇಕು, ಇಲ್ಲದಿದ್ದರೆ ಗಾಡಿ ಜಿಗಿಯುತ್ತಿತ್ತು.

ಅದರಲ್ಲೇ ಕಲಿತ ನಾನು 1984ರಲ್ಲಿ ಪುಣೆಗೆ ಬಂದು ಗೆಳೆಯನ ಬುಲೆಟ್ ಹತ್ತಿದೆ. ಆಗ ಅದಕ್ಕೆ ಗೇರು ಬಲಕ್ಕೆ, ಬ್ರೇಕು ಎಡಕ್ಕೆ. ಕಾಲು ಹೇಗೋ ಕಲಿಯಿತು, ಎಡಗೈ ಕಲಿಯಲಿಲ್ಲ. ಕ್ಲಚ್ ಮರೆತು ಒತ್ತಿದಾಗೆಲ್ಲ ಕಟಕಟ... ಕೆಲವು ತಿಂಗಳಿಗೆ ಗೇರು ಜಾರತೊಡಗಿತು. ಮೆಕ್ಯಾನಿಕ್ ಬಿಚ್ಚಿ, ಮೂಲೆ ಸವೆದು ದುಂಡಗಾದ ಹಲ್ಲುಗಳನ್ನು ಅಂಗೈಯಲ್ಲಿಟ್ಟ. ಖರ್ಚೆಲ್ಲ ನಾನೇ ಕೊಟ್ಟೆ. ಗೆಳೆಯ ಏನೂ ಅನ್ನಲಿಲ್ಲ. ನಾನೂ ಮತ್ತೆ ಬೀಗದ ಕೈ ಕೇಳಲಿಲ್ಲ.