ಕಾಬೂಲ್ ದಾರಿಯಲ್ಲಿ ಬಂದವರು, ಅದೇ ದಾರಿಯಲ್ಲಿ ಹೋದವರು

ಹಂಪಿ, ಗೋಕರ್ಣದ ಕಡೆಯವರಿಗೆ ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡು ಬಸ್ಸಿಳಿಯುವ ವಿದೇಶಿಯರು ಹೊಸಬರಲ್ಲ. ತಿಂಗಳುಗಟ್ಟಲೆ ಇರುತ್ತಾರೆ. ಐದು ರೂಪಾಯಿಗೂ ಚೌಕಾಸಿ ಮಾಡುತ್ತಾರೆ. ಇಲ್ಲಿಂದ ನೇಪಾಳ ಅಂತಾರೆ, ಅಲ್ಲಿಂದ ಇನ್ನೊಂದು ದೇಶ ಅಂತಾರೆ. ನೋಡಿದವರು ಕೇಳುವ ಪ್ರಶ್ನೆ ಒಂದೇ: ‘ಕೆಲಸ ಇಲ್ಲ, ಬೊಗಸೆ ಇಲ್ಲ, ಇವರಿಗೆ ದುಡ್ಡು ಎಲ್ಲಿಂದ ಬರುತ್ತೆ?’

ಒಳ್ಳೆಯ ಪ್ರಶ್ನೆ. ಇದರ ಜೊತೆಗೆ ಇನ್ನೊಂದನ್ನೂ ಕೇಳಬೇಕು. ಅವರು ಹೀಗೆ ನಮ್ಮಲ್ಲಿಗೆ ಬಂದಂತೆ ನಮ್ಮವರು ಯಾಕೆ ಅವರಲ್ಲಿಗೆ ಹೋಗಲಿಲ್ಲ? ಎರಡಕ್ಕೂ ಉತ್ತರ ಹಳೆಯ ಒಂದು ರಸ್ತೆಯ ಕಥೆಯಲ್ಲಿದೆ.

ಲಂಡನ್‌ನಿಂದ ಹೊರಟು ಯುರೋಪ್ ದಾಟಿದರೆ ಟರ್ಕಿಯ ಇಸ್ತಾಂಬುಲ್. ಅಲ್ಲಿಂದ ಇರಾನಿನ ಟೆಹರಾನ್, ಮಶ್ಹದ್. ಗಡಿ ದಾಟಿದರೆ ಅಫ್ಘಾನಿಸ್ತಾನದ ಹೆರಾತ್, ಕಂದಹಾರ್, ಕಾಬೂಲ್. ಆಮೇಲೆ ಖೈಬರ್ ಕಣಿವೆ ಇಳಿದು ಪೇಶಾವರ, ಲಾಹೋರ್. ವಾಘಾ ದಾಟಿದರೆ ಅಮೃತಸರ, ದೆಹಲಿ. ವಿಮಾನ ಹತ್ತದೆ, ನೆಲದ ಮೇಲೆಯೇ ಲಂಡನ್‌ನಿಂದ ದೆಹಲಿಗೆ ಬರಬಹುದಾದ ದಾರಿ ಇದು. 1960 ಮತ್ತು 70ರ ದಶಕದಲ್ಲಿ ಸಾವಿರಾರು ಯುವಕ ಯುವತಿಯರು ಈ ದಾರಿಯಲ್ಲಿ ಬಂದರು. ಜನ ಇದಕ್ಕೆ ‘ಹಿಪ್ಪಿ ದಾರಿ’ ಅಂತ ಹೆಸರಿಟ್ಟರು.

85 ಪೌಂಡ್ ಟಿಕೆಟ್

ಹಿಪ್ಪಿಗಳು ಬರುವುದಕ್ಕೂ ಮೊದಲೇ ಈ ದಾರಿಯಲ್ಲಿ ಬಸ್ ಓಡಿತ್ತು. 1957ರ ಏಪ್ರಿಲ್ 15ರಂದು ‘ಇಂಡಿಯಾಮ್ಯಾನ್’ ಎಂಬ ಬಸ್ 20 ಪ್ರಯಾಣಿಕರನ್ನು ಹತ್ತಿಸಿಕೊಂಡು ಲಂಡನ್‌ನಿಂದ ಹೊರಟಿತು. ಜೂನ್ 5ಕ್ಕೆ ಕಲ್ಕತ್ತ ಮುಟ್ಟಿತು. ಬರುವ ಟಿಕೆಟ್ 85 ಪೌಂಡ್, ವಾಪಸ್ ಹೋಗುವುದಕ್ಕೆ 65 ಪೌಂಡ್.

ಆಮೇಲಿನ ವರ್ಷಗಳಲ್ಲಿ ಬಸ್ಸುಗಳು ಹೆಚ್ಚಿದವು, ಹಳೆಯ ವ್ಯಾನುಗಳು ಬಂದವು, ಲಾರಿಗೆ ಕೈ ಅಡ್ಡ ಹಾಕಿ ಬರುವವರೂ ಬಂದರು. ಇಸ್ತಾಂಬುಲ್‌ನಲ್ಲಿ ‘ಪುಡಿಂಗ್ ಶಾಪ್’ ಅಂತ ಹೆಸರಾದ ಒಂದು ಹೋಟೆಲಿನ ಗೋಡೆಯ ಮೇಲೆ ನೋಟಿಸ್ ಬೋರ್ಡ್ ಇತ್ತು. ಯಾವ ವ್ಯಾನಿನಲ್ಲಿ ಸೀಟು ಖಾಲಿ ಇದೆ, ಯಾರು ಯಾವತ್ತು ಪೂರ್ವಕ್ಕೆ ಹೊರಡುತ್ತಾರೆ ಎಂಬುದನ್ನು ಚೀಟಿಯಲ್ಲಿ ಬರೆದು ಅಲ್ಲಿ ಅಂಟಿಸುತ್ತಿದ್ದರು. ಮೊಬೈಲ್ ಇಲ್ಲದ ಕಾಲದಲ್ಲಿ ಅದೇ ಅವರ ವಾಟ್ಸಾಪ್ ಗ್ರೂಪ್.

ರಸ್ತೆ ಒಳ್ಳೆಯದಾಗುವುದಕ್ಕೂ ಒಂದು ಕಾರಣ ಇತ್ತು. ಆಗ ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ನಡುವೆ ಶೀತಲ ಸಮರ ನಡೆದಿತ್ತು. ಅಫ್ಘಾನಿಸ್ತಾನವನ್ನು ಒಲಿಸಿಕೊಳ್ಳಲು ಇಬ್ಬರೂ ಪೈಪೋಟಿಯ ಮೇಲೆ ರಸ್ತೆ ಮಾಡಿಕೊಟ್ಟರು. ಕಾಬೂಲ್‌ನಿಂದ ಕಂದಹಾರ್‌ವರೆಗೆ ಅಮೆರಿಕದ ನೆರವಿನ ರಸ್ತೆ. ಕಂದಹಾರ್‌ನಿಂದ ಹೆರಾತ್‌ವರೆಗೆ ರಷ್ಯನ್ನರು ಹಾಕಿದ ಕಾಂಕ್ರೀಟ್ ರಸ್ತೆ. ಬೆನ್ನುಚೀಲದ ಹುಡುಗರು ಎರಡರ ಮೇಲೂ ಬಸ್ಸಿನಲ್ಲಿ ಕೂತು ಬಂದರು.

ದುಡ್ಡು ಎಲ್ಲಿಂದ ಬಂತು?

ಈಗ ಮೊದಲ ಪ್ರಶ್ನೆಗೆ ಬರೋಣ. ಅವರಲ್ಲಿ ಬಹಳ ಜನ ಸಾಹುಕಾರರ ಮಕ್ಕಳಲ್ಲ. ಊರಿನಲ್ಲಿ ಕೆಲವು ತಿಂಗಳು ದುಡಿದು ಉಳಿಸಿದ ದುಡ್ಡಿನಲ್ಲಿ ಹೊರಟವರು. ಆದರೆ ಅವರ ಊರಿನ ಸಣ್ಣ ಉಳಿತಾಯ ನಮ್ಮ ಊರಿನಲ್ಲಿ ದೊಡ್ಡ ಗಂಟು.

ಇದಕ್ಕೆ ಒಂದು ಲೆಕ್ಕ ನೋಡಿ. 1966ರ ಜೂನ್ 6ರಂದು ಭಾರತ ಸರ್ಕಾರ ರೂಪಾಯಿಯ ಬೆಲೆ ಇಳಿಸಿತು. ಅಲ್ಲಿಯವರೆಗೆ ಒಂದು ಡಾಲರ್‌ಗೆ 4 ರೂಪಾಯಿ 76 ಪೈಸೆ ಇತ್ತು. ಅವತ್ತಿನಿಂದ 7 ರೂಪಾಯಿ 50 ಪೈಸೆ ಆಯಿತು. 100 ಡಾಲರ್ ತಂದವನಿಗೆ ಮೊದಲು 476 ರೂಪಾಯಿ ಸಿಗುತ್ತಿತ್ತು, ಆಮೇಲೆ 750 ರೂಪಾಯಿ. ಇಲ್ಲಿಂದ ಹೊರಗೆ ಹೋಗುವವನಿಗೆ ಅದೇ ಲೆಕ್ಕ ಉಲ್ಟಾ ಹೊಡೆಯಿತು.

ಅಷ್ಟೇ ಅಲ್ಲ. ದೇಶದಲ್ಲಿ ವಿದೇಶಿ ಹಣದ ಕೊರತೆ ಇದ್ದುದರಿಂದ, ಹೊರದೇಶಕ್ಕೆ ಹೊರಟ ಸಾಮಾನ್ಯ ಭಾರತೀಯನ ಕೈಗೆ ಆ ಕಾಲದಲ್ಲಿ ಸಿಗುತ್ತಿದ್ದದ್ದು ಬರೀ 8 ಡಾಲರ್. ಅಂದರೆ 60 ರೂಪಾಯಿ. ಮನೆಯಲ್ಲಿ ಎಷ್ಟೇ ದುಡ್ಡಿದ್ದರೂ ಕಾನೂನಿನ ಪ್ರಕಾರ ಹೆಚ್ಚು ಒಯ್ಯುವಂತಿರಲಿಲ್ಲ.

ಪಾಸ್‌ಪೋರ್ಟ್ ಕೂಡ ಹಾಗೇ. ಕೊಡುವುದು ಬಿಡುವುದು ಸರ್ಕಾರದ ಮರ್ಜಿ. 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿ ಕೊಟ್ಟ ಸ್ವಾತಂತ್ರ್ಯದ ಭಾಗ ಎಂದು ತೀರ್ಪು ಕೊಟ್ಟಿತು. ಅದಾದ ಮೇಲೆಯೇ ಆ ವರ್ಷದ ಪಾಸ್‌ಪೋರ್ಟ್ ಕಾಯ್ದೆ ಬಂದದ್ದು. ಅತ್ತ ಬ್ರಿಟಿಷ್ ಪ್ರಜೆಗೆ 1980ರ ದಶಕದ ಆರಂಭದವರೆಗೂ ಭಾರತಕ್ಕೆ ಬರಲು ವೀಸಾ ಬೇಕಿರಲಿಲ್ಲ.

ಬೆಂಗಳೂರಿನ ಕಾಫಿ ಹೋಟೆಲಿನಿಂದ

ಇಷ್ಟೆಲ್ಲ ಇದ್ದರೂ ನಮ್ಮವರು ಹೋಗಲೇ ಇಲ್ಲ ಅಂತಲ್ಲ. 1923ರ ಅಕ್ಟೋಬರ್‌ನಲ್ಲಿ ಬೊಂಬಾಯಿಯ ಆರು ಪಾರ್ಸಿ ಯುವಕರು ಸೈಕಲ್ ಮೇಲೆ ಪ್ರಪಂಚ ಸುತ್ತಲು ಹೊರಟರು. ಇರಾನ್, ಇರಾಕ್, ಸಿರಿಯಾದ ಮರುಭೂಮಿ ದಾಟಿ ಯುರೋಪ್, ಅಮೆರಿಕ, ಜಪಾನ್, ಚೀನಾ ಸುತ್ತಿದರು. ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭೂಮ್‌ಗಾರಾ ಎಂಬ ಮೂವರು 1928ರ ಮಾರ್ಚ್‌ನಲ್ಲಿ ಸುತ್ತು ಮುಗಿಸಿ ಊರಿಗೆ ಬಂದರು. ತುಳಿದದ್ದು ಸುಮಾರು 71,000 ಕಿಲೋಮೀಟರ್.

ಇನ್ನೊಂದು ಪ್ರಯಾಣಕ್ಕೆ ನಮ್ಮ ಬೆಂಗಳೂರಿನ ನಂಟಿದೆ. 1961ರಲ್ಲಿ ವಿನೋಬಾ ಭಾವೆಯವರ ಭೂದಾನ ಚಳವಳಿಯ ಇಬ್ಬರು ಯುವಕರು ಬೆಂಗಳೂರಿನ ಕಾಫಿ ಹೋಟೆಲಿನಲ್ಲಿ ಕೂತಿದ್ದರು. ಒಬ್ಬರು ರಾಜಸ್ಥಾನದ ಸತೀಶ್ ಕುಮಾರ್. ಒಂಬತ್ತನೇ ವಯಸ್ಸಿಗೆ ಜೈನ ಮುನಿಯಾಗಿ, ಹದಿನೆಂಟಕ್ಕೆ ಅದನ್ನು ಬಿಟ್ಟು ಬಂದವರು. ಇನ್ನೊಬ್ಬರು ಕೇರಳದ ಇ.ಪಿ. ಮೆನನ್. ಅಣುಬಾಂಬ್ ವಿರೋಧಿಸಿ ಪ್ರತಿಭಟಿಸಿದ್ದಕ್ಕೆ ಇಂಗ್ಲೆಂಡಿನ 89 ವರ್ಷದ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಅವರನ್ನು ಜೈಲಿಗೆ ಹಾಕಿದ್ದಾರೆ ಎಂಬ ಸುದ್ದಿ ಪತ್ರಿಕೆಯಲ್ಲಿತ್ತು. ಆ ವಯಸ್ಸಿನವರು ಜೈಲಿಗೆ ಹೋಗುವಾಗ ನಾವು ಕಾಫಿ ಕುಡಿಯುತ್ತ ಕೂತಿದ್ದೇವಲ್ಲ ಎಂದು ಇಬ್ಬರಿಗೂ ಅನ್ನಿಸಿತು. ಅಣುಬಾಂಬ್ ಇದ್ದ ದೇಶಗಳ ರಾಜಧಾನಿಗಳಾದ ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್ಟನ್‌ಗೆ ನಡೆದುಕೊಂಡೇ ಹೋಗಿ ಶಾಂತಿ ಕೇಳೋಣ ಎಂದು ತೀರ್ಮಾನಿಸಿದರು.

ಆಶೀರ್ವಾದ ಕೇಳಲು ಹೋದಾಗ ವಿನೋಬಾ ಎರಡು ಷರತ್ತು ಹಾಕಿದರು. ಒಂದು, ಸಸ್ಯಾಹಾರ ಬಿಡಬೇಡಿ. ಎರಡು, ಜೇಬಿನಲ್ಲಿ ಒಂದು ಕಾಸೂ ಇರಬಾರದು. ಅದಕ್ಕೆ ಅವರು ಕೊಟ್ಟ ಕಾರಣ ಗಟ್ಟಿಯಾಗಿತ್ತು. ದುಡ್ಡಿದ್ದರೆ ಸಂಜೆಗೆ ಹೋಟೆಲ್ ಹುಡುಕಿ ಉಂಡು ಮಲಗುತ್ತೀರಿ, ಬೆಳಗ್ಗೆ ಎದ್ದು ಮುಂದೆ ಹೋಗುತ್ತೀರಿ, ಯಾರ ಜೊತೆಗೂ ಮಾತಾಡುವ ಅಗತ್ಯ ಬೀಳುವುದಿಲ್ಲ. ದುಡ್ಡಿಲ್ಲದಿದ್ದರೆ ಯಾರದಾದರೂ ಬಾಗಿಲು ತಟ್ಟಲೇಬೇಕು.

1962ರ ಜೂನ್ 1ರಂದು ಇಬ್ಬರೂ ದೆಹಲಿಯ ರಾಜಘಾಟ್‌ನಿಂದ ಹೊರಟರು. ಪಾಕಿಸ್ತಾನದ ಗಡಿಯ ಹತ್ತಿರ ಗೆಳೆಯರೊಬ್ಬರು ದಾರಿಗೆ ಊಟದ ಪೊಟ್ಟಣ ಕೊಡಲು ಬಂದರು. ಇದನ್ನು ಒಯ್ದರೆ ಪಾಕಿಸ್ತಾನದ ಜನ ನಮಗೆ ಅನ್ನ ಹಾಕುವುದಿಲ್ಲ ಎಂದು ನಾವೇ ಅನುಮಾನಪಟ್ಟಂತೆ ಆಗುತ್ತದೆ ಅಂತ ಹೇಳಿ ಸತೀಶ್ ತೆಗೆದುಕೊಳ್ಳಲಿಲ್ಲ. ಗಡಿ ದಾಟಿದ ಮೇಲೆ, ಇವರ ಸುದ್ದಿ ತಿಳಿದಿದ್ದ ಪಾಕಿಸ್ತಾನಿಯೊಬ್ಬರು ಲಾಹೋರಿನ ತಮ್ಮ ಮನೆಗೆ ಕರೆದರು. ಇದನ್ನು ಸತೀಶ್ ಅವರೇ ಹಲವು ಸಲ ಹೇಳಿಕೊಂಡಿದ್ದಾರೆ.

ಅಲ್ಲಿಂದ ಅಫ್ಘಾನಿಸ್ತಾನ, ಇರಾನ್, ಸೋವಿಯತ್ ಒಕ್ಕೂಟ. ಸೋವಿಯತ್ ದೇಶದ ದಕ್ಷಿಣ ಭಾಗದಲ್ಲಿ ಚಹಾ ಕಾರ್ಖಾನೆಯ ಹೆಣ್ಣುಮಗಳೊಬ್ಬಳು ನಾಲ್ಕು ಪೊಟ್ಟಣ ಚಹಾಪುಡಿ ಕೊಟ್ಟಳು. ನಾಲ್ಕು ದೇಶದ ನಾಯಕರಿಗೆ ಒಂದೊಂದು ಕೊಡಿ, ಬಾಂಬ್ ಹಾಕಬೇಕು ಅನ್ನಿಸಿದಾಗ ಮೊದಲು ಒಂದು ಕಪ್ ಚಹಾ ಕುಡಿಯಲು ಹೇಳಿ ಎಂಬುದು ಅವಳ ಕೋರಿಕೆ.

ಎಲ್ಲ ಕಡೆ ಬಾಗಿಲು ತೆರೆಯಲಿಲ್ಲ. ಪ್ಯಾರಿಸ್‌ನಲ್ಲಿ ಕೆಲವು ದಿನ ಜೈಲು. ಅಮೆರಿಕದ ದಕ್ಷಿಣದಲ್ಲಿ, ಬಿಳಿಯರ ಹೋಟೆಲಿನಲ್ಲಿ ಪಿಸ್ತೂಲು ತೋರಿಸಿ ಹೊರಗೆ ಹಾಕಿದರು. ಸಮುದ್ರ ದಾಟಲು ಹಿತೈಷಿಗಳು ಹಡಗಿನ ಟಿಕೆಟ್ ಕೊಡಿಸಿದರು. 1964ರ ಜನವರಿಯಲ್ಲಿ ವಾಷಿಂಗ್ಟನ್ ಮುಟ್ಟುವಷ್ಟರಲ್ಲಿ ಅಧ್ಯಕ್ಷ ಕೆನಡಿಯವರ ಹತ್ಯೆಯಾಗಿತ್ತು. ಗಾಂಧಿ ಸಮಾಧಿಯಿಂದ ಹೊರಟವರು ಕೆನಡಿ ಸಮಾಧಿಯ ಹತ್ತಿರ ನಡಿಗೆ ನಿಲ್ಲಿಸಿದರು. ಒಟ್ಟು ಸುಮಾರು 13,000 ಕಿಲೋಮೀಟರ್.

ಎದುರಿನಿಂದ ಬಂದ ಹೆಣ್ಣುಮಗಳು

ಇವರು ಪಶ್ಚಿಮಕ್ಕೆ ನಡೆಯುತ್ತಿದ್ದ ಕಾಲದಲ್ಲೇ ಪೂರ್ವಕ್ಕೆ ಒಬ್ಬ ಹೆಣ್ಣುಮಗಳು ಸೈಕಲ್ ತುಳಿಯುತ್ತಿದ್ದಳು. ಐರ್ಲೆಂಡಿನ ಡರ್ವ್ಲಾ ಮರ್ಫಿ. 1963ರ ಜನವರಿಯ ಹಿಮದಲ್ಲಿ ಹೊರಟು ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಜುಲೈಗೆ ದೆಹಲಿ ಸೇರಿದರು. ಹಳ್ಳಿಗಳಲ್ಲಿ ಜನ ಊಟ ಹಾಕಿ ಮಲಗಲು ಜಾಗ ಕೊಟ್ಟದ್ದನ್ನು ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಆದರೆ ಅವರ ಹತ್ತಿರ ಒಂದು ಪಿಸ್ತೂಲೂ ಇತ್ತು, ಅದನ್ನು ಬಳಸಬೇಕಾಗಿಯೂ ಬಂತು. ಕೈಬೀಸಿಕೊಂಡು ಹೋಗುವುದು ಇಬ್ಬರು ಗಂಡಸರಿಗೆ ಸಾಧ್ಯವಾದಷ್ಟು ಸುಲಭವಾಗಿ ಒಂಟಿ ಹೆಣ್ಣಿಗೆ ಸಾಧ್ಯವಿರಲಿಲ್ಲ. ಇವತ್ತಿಗೂ ಇಲ್ಲ.

1972ರಲ್ಲಿ ಅದೇ ದಾರಿಯಲ್ಲಿ ಟೋನಿ ಮತ್ತು ಮೌರೀನ್ ವೀಲರ್ ದಂಪತಿ ಬಂದರು. ಲಂಡನ್‌ನಲ್ಲಿ 65 ಪೌಂಡ್‌ಗೆ ಕೊಂಡ ಹಳೇ ವ್ಯಾನನ್ನು ಕಾಬೂಲ್‌ನಲ್ಲಿ ಮಾರಿ, ಬಸ್ಸು ರೈಲು ಹಿಡಿದು ಮುಂದೆ ಹೋದರು. ಆಸ್ಟ್ರೇಲಿಯಾದ ಸಿಡ್ನಿ ಮುಟ್ಟಿದಾಗ ಕೈಯಲ್ಲಿ ಉಳಿದಿದ್ದದ್ದು 27 ಸೆಂಟ್. ಏಷ್ಯಾವನ್ನು ಅಗ್ಗದಲ್ಲಿ ದಾಟುವುದು ಹೇಗೆ ಎಂದು 1973ರಲ್ಲಿ ಒಂದು ಚಿಕ್ಕ ಪುಸ್ತಕ ಮಾಡಿ, ತಾವೇ ಪಿನ್ ಹೊಡೆದು ಮಾರಿದರು. ಒಂದೇ ವಾರದಲ್ಲಿ 1,500 ಪ್ರತಿ ಖರ್ಚಾಯಿತು. ಲೋನ್ಲಿ ಪ್ಲಾನೆಟ್ ಕಂಪನಿ ಹುಟ್ಟಿದ್ದು ಹಾಗೆ. ಬೆನ್ನುಚೀಲದವರ ಕೈಯಲ್ಲಿ ನೀವು ನೋಡಿರುವ ದಪ್ಪ ಪುಸ್ತಕ ಅದೇ.

ದಾರಿ ಮುಚ್ಚಿತು

1979ರ ಫೆಬ್ರವರಿಯಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತು. ಹಿಪ್ಪಿ ದಾರಿ ಅಲ್ಲಿಗೆ ಮುಗಿಯಿತು. ಅಮೆರಿಕ, ರಷ್ಯಾ ಹಾಕಿದ ರಸ್ತೆಗಳ ಮೇಲೆ ಟ್ಯಾಂಕ್ ಓಡಿದವು. ಬೆನ್ನುಚೀಲದವರು ವಿಮಾನದಲ್ಲಿ ಬರತೊಡಗಿದರು. ಗೋವಾದಿಂದ ಗೋಕರ್ಣಕ್ಕೆ, ಹಂಪಿಗೆ ಹರಡಿದರು. ಹಂಪಿಯ ಎದುರಿನ ವಿರೂಪಾಪುರ ಗಡ್ಡೆಯಲ್ಲಿ ಅವರಿಗಾಗಿ ಎದ್ದಿದ್ದ ಹೋಟೆಲುಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ 2020ರಲ್ಲಿ ಕೆಡವಲಾಯಿತು.

ಪಶ್ಚಿಮಕ್ಕೆ ಹೋಗುವ ನಮ್ಮ ಬಾಗಿಲೂ ಹಂತಹಂತವಾಗಿ ಮುಚ್ಚಿತು. 1965, 1971ರ ಯುದ್ಧಗಳಾದ ಮೇಲೆ ಬ್ರಿಟನ್, ಜರ್ಮನಿಯವರು ವಾಘಾ ದಾಟುವುದನ್ನು ಮತ್ತೆ ಶುರು ಮಾಡಿದರು. ಭಾರತ ಪಾಕಿಸ್ತಾನದ ಪ್ರಜೆಗಳಿಗೆ ಅದು ಕಷ್ಟವಾಗುತ್ತಲೇ ಹೋಯಿತು. 2025ರ ಏಪ್ರಿಲ್‌ನಲ್ಲಿ, ಪಹಲ್ಗಾಮ್ ದಾಳಿಯ ನಂತರ, ನಮ್ಮ ಕಡೆಯ ಅಟಾರಿ ಚೆಕ್‌ಪೋಸ್ಟನ್ನೇ ಮುಚ್ಚಲಾಯಿತು.

ಈಗ 8 ಡಾಲರ್ ಮಿತಿ ಇಲ್ಲ. ಭಾರತೀಯರು ವರ್ಷಕ್ಕೆ 2,50,000 ಡಾಲರ್‌ವರೆಗೆ ಹೊರಗೆ ಒಯ್ಯಬಹುದು. ಪಾಸ್‌ಪೋರ್ಟ್ ಜಿಲ್ಲಾ ಕೇಂದ್ರದಲ್ಲೇ ಆಗುತ್ತದೆ. ಆದರೆ ಯುರೋಪಿನ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕಿ ನೋಡಿ. ಅಲ್ಲಿ ಉಳಿಯಲು ಬೇಕಾದಷ್ಟು ದುಡ್ಡಿದೆ ಎಂದು ಬ್ಯಾಂಕ್ ದಾಖಲೆ ತೋರಿಸಬೇಕು, 30,000 ಯೂರೋ ಮೊತ್ತದ ವಿಮೆ ಮಾಡಿಸಬೇಕು, ಎಲ್ಲಿ ಮಲಗುತ್ತೀರಿ ಎಂಬುದಕ್ಕೂ ಕಾಗದ ಕೊಡಬೇಕು.

ವಿನೋಬಾ ಹಾಕಿದ ಷರತ್ತು ಪಾಲಿಸಿದವನಿಗೆ ಇವತ್ತು ವೀಸಾ ಸಿಗುವುದಿಲ್ಲ. ಜೇಬಿನಲ್ಲಿ ಕಾಸಿಲ್ಲ, ರಾತ್ರಿ ಯಾರ ಮನೆಯೋ ಗೊತ್ತಿಲ್ಲ ಅಂದರೆ ಅರ್ಜಿ ಕೌಂಟರಿನಲ್ಲೇ ವಾಪಸ್. 1962ರಲ್ಲಿ ಅವರಿಬ್ಬರಿಗೆ ಲಾಹೋರಿನಲ್ಲಿ, ಇರಾನಿನ ಹಳ್ಳಿಗಳಲ್ಲಿ ಅನ್ನ ಹಾಕಿದವರು ಯಾವ ದಾಖಲೆಯನ್ನೂ ಕೇಳಿರಲಿಲ್ಲ.