ಮುಟ್ಟಿದ ಮೇಲೆ ಫೋನ್ ಮಾಡು

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟು ನಿಂತಾಗ ನಮ್ಮವ್ವ ಬಾಗಿಲಲ್ಲಿ ಹೇಳುವ ಕೊನೆಯ ಮಾತು ಯಾವತ್ತೂ ಒಂದೇ. "ಮುಟ್ಟಿದ ಮ್ಯಾಲ ಫೋನ್ ಮಾಡು." ನಿಮ್ಮ ಮನೇಲೂ ಇದೇ ಥರದ್ದೊಂದು ಮಾತು ಇದ್ದೇ ಇರುತ್ತೆ. ಮೈಸೂರು ಕಡೆಯವರಾದರೆ "ತಲುಪಿದ ಮೇಲೆ" ಅಂತಾರೆ, ಅಷ್ಟೇ ವ್ಯತ್ಯಾಸ. ನೀನು ಊರು ಸೇರಿದ್ದು ಗೊತ್ತಾಗೋ ತನಕ ನನಗೆ ನಿದ್ದೆ ಬರಲ್ಲ ಅನ್ನೋದು ಅದರ ಅರ್ಥ.

ಈ ಮಾತಿಗೂ ಒಂದು ಚರಿತ್ರೆ ಇದೆ. ಅಪ್ಪ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅದು "ಮುಟ್ಟಿದ ಮ್ಯಾಲ ಕಾಗದ ಹಾಕು" ಆಗಿತ್ತಂತೆ. 15 ಪೈಸೆಯ ಕಾರ್ಡು. ಅದು ಮನೆ ಸೇರೋದು ಮೂರನೇ ದಿನವೋ ನಾಲ್ಕನೇ ದಿನವೋ. ಅಷ್ಟು ದಿನ ಅಜ್ಜಿ ಏನು ಮಾಡ್ತಿದ್ದಳು ಅಂತ ಕೇಳಿದ್ದಕ್ಕೆ ಅಪ್ಪ, "ಏನ್ ಮಾಡ್ತಾಳ? ರೊಟ್ಟಿ ಬಡೀತಿದ್ಲು" ಅಂದರು. ಸುದ್ದಿ ಬರದಿದ್ದರೆ ಎಲ್ಲ ಸರಿ ಇದೆ ಅಂತಲೇ ಲೆಕ್ಕ. ಕೆಟ್ಟ ಸುದ್ದಿಗೆ ಟೆಲಿಗ್ರಾಂ ಇತ್ತು.

ಫೋನ್ ಬಂದ ಮೇಲೂ ಅದು ಎಲ್ಲರ ಮನೆಗೆ ಬರಲಿಲ್ಲ. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗಾಗಿ ವಿಸಿಟಿಂಗ್ ಕಾರ್ಡಿನಲ್ಲಿ 'ಪಿಪಿ' ಅಂತ ಬರೆದು ಪಕ್ಕದ ಮನೆಯ ನಂಬರ್ ಹಾಕಿಸೋರು. ನಮ್ಮ ಫೋನ್ ಬಂದರೆ ಆ ಮನೆಯ ಹುಡುಗ ಓಡಿ ಬಂದು ಕರೀತಿದ್ದ. ಅವರ ಪಡಸಾಲೆಯಲ್ಲಿ, ಅವರು ಊಟ ಮಾಡ್ತಿರೋವಾಗ, ನಾವು ಗೋಡೆ ಕಡೆ ತಿರುಗಿ ನಿಂತು ಎರಡು ನಿಮಿಷದಲ್ಲಿ ಮಾತು ಮುಗಿಸಿ, "ತೊಂದರೆ ಆತ್ರಿ" ಅಂತ ಹೇಳಿ ಹೊರಡಬೇಕು. ನಮ್ಮ ಜನಕ್ಕೆ ಫೋನ್ ಶಿಷ್ಟಾಚಾರ ಕಲಿಸಿದ್ದು ಈ ಪಿಪಿ ನಂಬರ್ ಅಂತ ನನ್ನ ಅನುಮಾನ. ಇನ್ನೊಬ್ಬರ ಮನೇಲಿ ನಿಂತು ಮಾತಾಡೋವಾಗ ದನಿ ತಾನಾಗೇ ತಗ್ಗುತ್ತೆ.

ಆಮೇಲೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಂದವು. ಟ್ರಂಕ್ ಕಾಲ್ ಬುಕ್ ಮಾಡಿ ಕಾಯದೆ ನೇರವಾಗಿ ಬೇರೆ ಊರಿಗೆ ನಂಬರ್ ತಿರುಗಿಸುವ ಸೌಲಭ್ಯ ಭಾರತದಲ್ಲಿ ಶುರುವಾಗಿದ್ದು 1960ರಲ್ಲೇ, ಲಖನೌ ಮತ್ತು ಕಾನ್ಪುರದ ನಡುವೆ. ಅದು ಗಲ್ಲಿ ಗಲ್ಲಿಗೆ ಬರೋಕೆ ಎಂಬತ್ತರ ದಶಕ ಕಳೀಬೇಕಾಯ್ತು. ಗಾಜಿನ ಬಾಗಿಲು, ಒಳಗೆ ಸೆಕೆ, ಕಣ್ಣೆದುರಿಗೆ ಕೆಂಪು ಅಂಕಿಗಳಲ್ಲಿ ಏರುತ್ತಿರುವ ಬಿಲ್ಲು. ರಾತ್ರಿ ತಡವಾದ ಮೇಲೆ ದರ ಕಾಲು ಭಾಗಕ್ಕಿಳೀತಿತ್ತು, ಹಾಸ್ಟೆಲ್ ಹುಡುಗರ ಸಾಲು ಅವಾಗ. "ಮುಟ್ಟೀನಿ ಅವ್ವಾ, ಇಡ್ತೀನಿ." ಇಷ್ಟೇ ಮಾತು. ಅದಕ್ಕಿಂತ ಹೆಚ್ಚು ಹೇಳೋಕೆ ಜೇಬು ಬಿಡ್ತಿರಲಿಲ್ಲ.

ಇಲ್ಲೊಂದು ವಿಷಯ ಗಮನಿಸಿ. ಕಾಗದವೋ, ಬೂತೋ, ಏನಾದರೂ ಆಗಲಿ, ಫೋನ್ ಮಾಡುವವನು ಪ್ರಯಾಣ ಮುಗಿಸಿರುತ್ತಿದ್ದ. ದಾರಿಯಲ್ಲಿದ್ದವನನ್ನು ಯಾರೂ ಮಾತಾಡಿಸೋಕೆ ಆಗ್ತಿರಲಿಲ್ಲ. ಬೆಂಗಳೂರು ಹುಬ್ಬಳ್ಳಿ ಮಧ್ಯದ ನಾನೂರು ಚಿಲ್ಲರೆ ಕಿಲೋಮೀಟರ್ ಅಂದರೆ ಮನೆಯವರ ಪಾಲಿಗೆ ಒಂದು ದೊಡ್ಡ ಮೌನ.

ಈ ಮೌನ ಮುರಿಯೋಕೆ ಅಮೆರಿಕದಲ್ಲಿ ತುಂಬಾ ಹಿಂದೆಯೇ ಪ್ರಯತ್ನ ನಡೆದಿತ್ತು. 1946ರ ಜೂನ್ 17ರಂದು ಸೇಂಟ್ ಲೂಯಿಸ್ ನಗರದಲ್ಲಿ ಬೆಲ್ ಕಂಪನಿಯವರ ಸೇವೆಯಲ್ಲಿ ಕಾರಿನಿಂದ ಮೊದಲ ಕರೆ ಹೋಯ್ತು. ಆ ಯಂತ್ರದ ತೂಕ ಹತ್ತಿರ ಹತ್ತಿರ 36 ಕೆಜಿ, ಅಂದರೆ ಹೆಚ್ಚುಕಮ್ಮಿ ಮುಕ್ಕಾಲು ಮೂಟೆ ಅಕ್ಕಿ. ಮೊಬೈಲ್ ಫೋನ್ ಅಂದರೆ ಕಾರಿನ ಫೋನ್ ಅಂತಲೇ ಬಹಳ ಕಾಲ ಬೆಲ್‌ನವರ ತಲೆಯಲ್ಲಿದ್ದದ್ದು. ಅವರಿಗೆ ಸವಾಲು ಹಾಕಿದ ಮೊಟೊರೊಲಾ ಹೆಸರಲ್ಲೂ ಮೋಟರು ಕೂತಿದೆ ನೋಡಿ. 1930ರಲ್ಲಿ ಅವರು ಮಾರಿದ ಕಾರ್ ರೇಡಿಯೋಗೆ ಇಟ್ಟ ಹೆಸರದು. ಕಾರಲ್ಲಿ ರೇಡಿಯೋ ಇದ್ದರೆ ಚಾಲಕನ ಗಮನ ತಪ್ಪುತ್ತೆ, ನಿಷೇಧಿಸಬೇಕು ಅಂತ ಆವಾಗಲೇ ಅಮೆರಿಕದ ಕೆಲವು ರಾಜ್ಯಗಳಲ್ಲಿ ವಾದ ಎದ್ದಿತ್ತು. ರೇಡಿಯೋ ಗೆದ್ದಿತು.

ಫೋನ್ ಕಾರಿಗೂ ಅಲ್ಲ, ಮನೆಗೂ ಅಲ್ಲ, ಮನುಷ್ಯನಿಗೆ ಅಂಟಿಕೊಂಡಿರಬೇಕು ಅಂತ ಹಟ ಹಿಡಿದವರು ಮೊಟೊರೊಲಾದ ಎಂಜಿನಿಯರ್ ಮಾರ್ಟಿನ್ ಕೂಪರ್. 1973ರ ಏಪ್ರಿಲ್ 3ರಂದು ನ್ಯೂಯಾರ್ಕಿನ ಸಿಕ್ಸ್ತ್ ಅವೆನ್ಯೂನಲ್ಲಿ ನಿಂತು, ಕೆಜಿಗೂ ಮೀರಿದ ತೂಕದ ಫೋನ್ ಹಿಡಿದು, ಬೆಲ್ ಲ್ಯಾಬ್ಸ್‌ನ ತಮ್ಮ ಪ್ರತಿಸ್ಪರ್ಧಿ ಜೋಯೆಲ್ ಎಂಗೆಲ್‌ಗೇ ಫೋನ್ ಮಾಡಿದರು. ಈ ಕತೆ ಎಲ್ಲರಿಗೂ ಗೊತ್ತು. ಕಡಿಮೆ ಜನಕ್ಕೆ ಗೊತ್ತಿರೋದು ಆಮೇಲಿನದ್ದು. ಅವತ್ತು ಒಬ್ಬ ರೇಡಿಯೋ ವರದಿಗಾರನ ಜೊತೆ ಫೋನಲ್ಲಿ ಮಾತಾಡ್ತಾ ಕೂಪರ್ ರಸ್ತೆ ದಾಟಿದರು. ತಾನು ಜೀವನದಲ್ಲಿ ಮಾಡಿದ ಅಪಾಯದ ಕೆಲಸಗಳಲ್ಲಿ ಅದೂ ಒಂದಿರಬೇಕು ಅಂತ ಆಮೇಲೆ ನೆನೆಸಿಕೊಂಡಿದ್ದಾರೆ. ಮೊಬೈಲ್ ಹುಟ್ಟಿದ ದಿನವೇ ಅದರ ಜೊತೆಗೆ ಇದೂ ಹುಟ್ಟಿತು ಅನ್ನಿ.

ಭಾರತಕ್ಕೆ ಅದು ಬಂದದ್ದು 1995ರ ಜುಲೈ 31ಕ್ಕೆ. ಕಲ್ಕತ್ತೆಯ ರೈಟರ್ಸ್ ಬಿಲ್ಡಿಂಗ್‌ನಿಂದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಸಂಪರ್ಕ ಸಚಿವ ಸುಖ್ ರಾಮ್ ಜೊತೆ ಮಾತಾಡಿದರು. ನಿಮಿಷಕ್ಕೆ 16 ರೂಪಾಯಿವರೆಗೂ ದರ ಇದ್ದ ಕಾಲ, ಬಂದ ಕರೆಗೂ ದುಡ್ಡು. ಆ ದುಬಾರಿತನದಿಂದ ಹುಟ್ಟಿದ್ದೇ ನಮ್ಮ ಮಿಸ್ಡ್ ಕಾಲ್. ಒಂದು ರಿಂಗ್ ಅಂದರೆ ಹೊರಟೆ, ಎರಡು ರಿಂಗ್ ಅಂದರೆ ಮುಟ್ಟಿದೆ. ಕಾಸು ಖರ್ಚಿಲ್ಲ, ಫೋನ್ ಎತ್ತುವ ಹಾಗೇ ಇಲ್ಲ. ಈಗ ಯೋಚಿಸಿದರೆ ರಸ್ತೆ ಮೇಲಿರುವವನಿಗೆ ಅದರಷ್ಟು ಒಳ್ಳೆ ವ್ಯವಸ್ಥೆ ಮತ್ತೆ ಬರಲೇ ಇಲ್ಲ.

2003ರ ಮೇ ತಿಂಗಳಲ್ಲಿ ಒಳಬರುವ ಕರೆಗಳು ಉಚಿತವಾದವು. ಅದೇ ದಶಕದಲ್ಲಿ ಸುವರ್ಣ ಚತುಷ್ಪಥ ಯೋಜನೆಯಡಿ ಬೆಂಗಳೂರು, ತುಮಕೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿಯ ನಮ್ಮ ಹಳೇ ಎನ್‌ಎಚ್ 4 ನಾಲ್ಕು ಲೇನ್ ಆಯ್ತು. ಈಗ ಅದರ ನಂಬರ್ 48. ಎರಡೂ ಒಟ್ಟಿಗೆ ಬಂದದ್ದರ ಪರಿಣಾಮವನ್ನು ಯಾರೂ ಲೆಕ್ಕ ಹಾಕಿದ ಹಾಗೆ ಕಾಣಲ್ಲ. ಲಾರಿ ಹಿಂದೆ ನಲವತ್ತರಲ್ಲಿ ತೆವಳುತ್ತಿದ್ದವನು ನೂರಕ್ಕೆ ಬಂದ, ಅದೇ ಹೊತ್ತಿಗೆ ಅವನ ಫೋನೂ ಬಡ್ಕೊಳ್ಳೋಕೆ ಶುರುವಾಯ್ತು.

ಮಾತಿನ ಧಾಟಿಯೂ ಬದಲಾಯ್ತು. ಲ್ಯಾಂಡ್‌ಲೈನಿನ ಮೊದಲ ಪ್ರಶ್ನೆ "ಯಾರು ಮಾತಾಡ್ತಿರೋದು?" ಅಂತ ಇರ್ತಿತ್ತು. ಮೊಬೈಲಿನದ್ದು "ಎಲ್ಲಿದೀಯಾ?" ನಮ್ಮವ್ವನ ಬಾಯಲ್ಲಿ "ಎಲ್ಲಿಗೆ ಬಂದಿ?" ಮುಟ್ಟಿದ ಮೇಲೆ ಮಾಡಬೇಕಿದ್ದ ಒಂದು ಫೋನು ಹಾವೇರಿಗೊಂದು, ರಾಣೆಬೆನ್ನೂರಿಗೊಂದು, ಹರಿಹರಕ್ಕೊಂದು ಆಯ್ತು. ಎತ್ತದಿದ್ದರೆ ಗಾಬರಿ, ಮತ್ತೆ ಮತ್ತೆ ಫೋನು. ಅಜ್ಜಿ ಮೂರು ದಿನ ಸುಮ್ಮನೆ ರೊಟ್ಟಿ ಬಡಿದವಳು. ಅವಳ ಸೊಸೆಗೆ ಮೂರು ನಿಮಿಷ ತಡೆಯೋಕಾಗಲ್ಲ. ಇದು ಅವ್ವನ ತಪ್ಪು ಅಂತಿಲ್ಲ. ಸಿಗಬಹುದಾದವನು ಸಿಗದಿದ್ದರೆ ಮಾತ್ರ ಗಾಬರಿ ಆಗೋದು.

ಈಗ ನನ್ನ ಕತೆ. ಕೆಲವು ವರ್ಷದ ಹಿಂದೆ ಒಂದು ಭಾನುವಾರ ಸಂಜೆ ನಾನು, ನನ್ನ ಹೆಂಡತಿ ಹುಬ್ಬಳ್ಳಿಯಿಂದ ವಾಪಸ್ ಬರ್ತಿದ್ವಿ. ಹಿರಿಯೂರು ದಾಟಿ ಸಿರಾ ಕಡೆ. ಕತ್ತಲಾಗಿತ್ತು. ಅವ್ವನ ಫೋನ್ ಬಂತು, ಬ್ಲೂಟೂತಲ್ಲಿ ತಗೊಂಡೆ. ಕೈ ಎರಡೂ ಸ್ಟೇರಿಂಗ್ ಮೇಲೆ, ಕಣ್ಣು ರಸ್ತೆ ಮೇಲೆ, ನಾನು ಕಾನೂನು ಮುರಿದಿಲ್ಲ. ಅವ್ವ ಯಾವುದೋ ಮದುವೆಯ ಮಾತು ತೆಗೆದಿದ್ದಳು, ಯಾರಿಗೆ ಎಷ್ಟು ಆಯೇರಿ ಮಾಡಬೇಕು ಅಂತ. ನಾನು ಆ ಮನೆಯ ಲೆಕ್ಕ ಹಾಕ್ತಿದ್ದೆ. ಹೆಂಡತಿ "ಟ್ರ್ಯಾಕ್ಟರ್!" ಅಂತ ಕಿರುಚಿದಳು. ಹಿಂದೆ ದೀಪವಿಲ್ಲದ ಟ್ರೇಲರ್, ಎದುರಿಗೇ. ಬಲಕ್ಕೆಳೆದೆ. ಡಿವೈಡರಿಗೂ ಟ್ರೇಲರಿಗೂ ನಡುವೆ ಹೇಗೋ ಹಾದು ಹೋದ್ವಿ. ಮುಂದೆ ಒಂದು ಢಾಬಾದ ಹತ್ತಿರ ಗಾಡಿ ನಿಲ್ಲಿಸಿದಾಗ ನನ್ನ ಮೊಣಕಾಲು ನಡುಗ್ತಿತ್ತು. ಫೋನ್ ಹಾರಿ ಸೀಟಿನ ಕೆಳಗೆಲ್ಲೋ ಬಿದ್ದು ಲೈನ್ ಕಟ್ ಆಗಿದ್ದು ಇಬ್ಬರಿಗೂ ತಿಳಿಯಲೇ ಇಲ್ಲ.

ಹುಬ್ಬಳ್ಳಿಯಲ್ಲಿ ಅವ್ವನಿಗೆ ಕೇಳಿಸಿದ್ದು ಸೊಸೆಯ ಕಿರುಚಾಟ, ಟಯರಿನ ಸದ್ದು, ಆಮೇಲೆ ಏನೂ ಇಲ್ಲ. ನಾವು ನೀರು ಕುಡಿದು, ಚಹಾ ಕುಡಿದು, ಫೋನ್ ಹುಡುಕಿ ತೆಗೆಯೋ ಹೊತ್ತಿಗೆ ಇಪ್ಪತ್ತು ನಿಮಿಷ ಆಗಿತ್ತು. ಮೂವತ್ತೊಂದು ಮಿಸ್ಡ್ ಕಾಲ್. ನಾನು ವಾಪಸ್ ಮಾಡಿದಾಗ ಎತ್ತಿದ್ದು ಅಪ್ಪ. ಅವರಿಗೆ ಮಾತೇ ಹೊರಡಲಿಲ್ಲ.

ನಾನು ಆ ಟ್ರೇಲರ್ ನೋಡೇ ಇರಲಿಲ್ಲವೇ? ನೋಡಿರಬೇಕು, ಹೆಡ್‌ಲೈಟ್ ಅದರ ಮೇಲೆ ಬಿದ್ದಿತ್ತು. ಕಣ್ಣಿಗೆ ಬಿದ್ದದ್ದು ತಲೆಗೆ ಹೋಗಲಿಲ್ಲ. ಆಮೇಲೆ ಓದಿದಾಗ ತಿಳೀತು, ಇದು ಹೊಸ ವಿಷಯವೇನಲ್ಲ. ಟೊರಾಂಟೋದಲ್ಲಿ ಅಪಘಾತ ಮಾಡಿಕೊಂಡ, ಮೊಬೈಲ್ ಇದ್ದ 699 ಚಾಲಕರ ಫೋನ್ ಬಿಲ್ಲುಗಳನ್ನು ತಾಳೆ ನೋಡಿದ ರೆಡೆಲ್‌ಮಾಯರ್ ಮತ್ತು ಟಿಬ್‌ಶಿರಾನಿ 1997ರಲ್ಲೇ ಬರೆದಿದ್ದರು: ಫೋನಲ್ಲಿ ಮಾತಾಡುವಾಗ ಡಿಕ್ಕಿಯ ಅಪಾಯ ಸುಮಾರು ನಾಲ್ಕು ಪಟ್ಟು. ಕೈಯಲ್ಲಿ ಹಿಡಿಯದ ಫೋನಿನಿಂದ ಹೆಚ್ಚಿನ ರಕ್ಷಣೆ ಏನೂ ಅವರಿಗೆ ಕಾಣಲಿಲ್ಲ. ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರದು ಇನ್ನೂ ಸ್ವಾರಸ್ಯದ್ದು. ಹೆದ್ದಾರಿಯಲ್ಲಿ ಹೋಗ್ತಾ ಒಂದು ತಂಗುದಾಣದ ತಿರುವು ಬಂದಾಗ ಇಳೀಬೇಕು ಅಂತ ಹೇಳಿ ಸಿಮ್ಯುಲೇಟರಿನಲ್ಲಿ ಗಾಡಿ ಓಡಿಸಲು ಕೊಟ್ಟರು. ಪಕ್ಕದಲ್ಲಿ ಕೂತ ಗೆಳೆಯನ ಜೊತೆ ಹರಟುತ್ತಿದ್ದವರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಸರಿಯಾಗಿ ಇಳಿದರು. ಹ್ಯಾಂಡ್ಸ್‌ಫ್ರೀ ಫೋನಲ್ಲಿ ಹರಟುತ್ತಿದ್ದವರಲ್ಲಿ ಅರ್ಧದಷ್ಟು ಜನ ತಿರುವು ದಾಟಿ ಹೋಗಿಬಿಟ್ಟರು. ಪಕ್ಕ ಕೂತವನಿಗೆ ರಸ್ತೆ ಕಾಣುತ್ತೆ. ಟ್ರಾಫಿಕ್ ಬಿಗಿಯಾದರೆ ಮಾತು ನಿಲ್ಲಿಸ್ತಾನೆ, "ಇಲ್ಲೇ ತಿರುಗು" ಅಂತಾನೆ. ಕೊನೆಗೆ ನನ್ನ ಹೆಂಡತಿ ಥರ ಕಿರುಚ್ತಾನೆ. ಫೋನಿನ ಆ ಕಡೆ ಇರೋರಿಗೆ ಟ್ರೇಲರ್ ಕಾಣಲ್ಲ.

ನಮ್ಮ ಕಾನೂನು ಇನ್ನೂ ಕೈ ಮೇಲೇ ನಿಂತಿದೆ. 2019ರ ಸೆಪ್ಟೆಂಬರ್ 1ರಿಂದ ಜಾರಿಯಾದ ಮೋಟಾರು ವಾಹನ ತಿದ್ದುಪಡಿಯಲ್ಲಿ ಕೈಯಲ್ಲಿ ಫೋನ್ ಹಿಡಿದು ಓಡಿಸಿದರೆ ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿ ದಂಡ, ಜೈಲೂ ಆಗಬಹುದು. ಮುಂದಿನ ವರ್ಷ ದಾರಿ ನೋಡೋಕೆ ಮಾತ್ರ ಫೋನ್ ಬಳಸಬಹುದು ಅಂತ ನಿಯಮ ಬಂತು. ಬಸ್ಸಿನ ವಿಷಯದಲ್ಲಿ ನಾವೇ ವಾಸಿ: 2021ರಲ್ಲಿ ಕೆಎಸ್‌ಆರ್‌ಟಿಸಿ ಬಸ್ಸಲ್ಲಿ ಸ್ಪೀಕರ್ ಹಾಕಿ ಹಾಡು, ವಿಡಿಯೋ ಕೇಳೋದನ್ನು ನಿಷೇಧಿಸಿ, ಮಾತು ಕೇಳದವರನ್ನು ದಾರಿಯಲ್ಲೇ ಇಳಿಸಬಹುದು, ಟಿಕೆಟ್ ದುಡ್ಡೂ ವಾಪಸ್ ಇಲ್ಲ ಅಂತು. ಪಕ್ಕದ ಸೀಟಿನವನ ಕಿವಿಗೆ ಅಷ್ಟಾದರೂ ರಕ್ಷಣೆ ಸಿಕ್ಕಿತು. ಕಾರಿನೊಳಗೆ ಕಂಡಕ್ಟರ್ ಇರಲ್ಲವಲ್ಲ.

ಆಫೀಸಿನವರು ಅವ್ವನಿಗಿಂತ ಕಡೆ. ಸೋಮವಾರ ಬೆಳಿಗ್ಗೆ ಊರಿಂದ ಬರುವಾಗ "ಡ್ರೈವ್ ಮಾಡ್ತಿದೀನಿ, ಮ್ಯೂಟಲ್ಲಿರ್ತೀನಿ" ಅಂತ ಮೀಟಿಂಗ್‌ಗೆ ಸೇರುವವರು ನಮ್ಮಲ್ಲಿ ಎಷ್ಟು ಜನ! ಅದನ್ನು ಶ್ರದ್ಧೆ ಅಂತ ಮೆಚ್ಚೋ ಮ್ಯಾನೇಜರುಗಳನ್ನೂ ನೋಡಿದ್ದೇನೆ. ಯಾರಾದರೂ ಹಾಗಂದ ಕೂಡಲೇ "ಕಟ್ ಮಾಡ್ತೀನಿ, ನಿಲ್ಲಿಸಿದ ಮೇಲೆ ಮಾಡು" ಅಂತ ನಾನು ಇಟ್ಟುಬಿಡ್ತೀನಿ. ಒಂದಿಬ್ಬರು ಬೇಜಾರೂ ಮಾಡ್ಕೊಂಡಿದ್ದಾರೆ.

ಆ ಸಂಜೆಯ ಮೇಲೆ ಮನೆಯಲ್ಲಿ ಒಪ್ಪಂದವಾಯ್ತು. ನಾವು ಹೊರಟ ಮೇಲೆ ಅವ್ವ ಫೋನ್ ಮಾಡೋ ಹಾಗಿಲ್ಲ. ದಾವಣಗೆರೆಯಲ್ಲೊಂದು, ಹಿರಿಯೂರಲ್ಲೊಂದು ನಿಲುಗಡೆ. ಅಲ್ಲಿ ಚಹಾ, ಅಲ್ಲಿಂದ ನಾವೇ ಫೋನ್. ಗಾಡಿ ಓಡೋವಾಗ ನನ್ನ ಫೋನ್ ಹೆಂಡತಿಯ ಪರ್ಸಿನಲ್ಲಿ. ಮೊದಮೊದಲು ಅವ್ವನಿಗೆ ಕಷ್ಟವಾಯ್ತಂತೆ. ಫೋನ್ ಕೈಯಲ್ಲಿ ಹಿಡ್ಕೊಂಡು ಕೂತಿರ್ತಿದ್ದಳು ಅಂತ ಅಪ್ಪ ಹೇಳಿದರು.

ಹೋದ ತಿಂಗಳು ಹಿರಿಯೂರಿನಿಂದ ಮಾಡಿದೆ. ಅವ್ವ ಹಲೋ ಅನ್ನಲಿಲ್ಲ, ಎಲ್ಲಿಗೆ ಬಂದಿ ಅಂತಲೂ ಕೇಳಲಿಲ್ಲ.

"ಗಾಡಿ ನಿಂತೈತೇನು?"

"ನಿಂತೈತಿ."

"ಇಳಿದು ಮಾತಾಡಾಕತ್ತೀಯಿಲ್ಲೋ?"

"ಹೂಂ, ಇಳದೀನಿ, ಚಾ ಕುಡಿಯಾಕತ್ತೀನಿ."

"ಹಂಗಾರ ಹೇಳು," ಅಂದಳು.